ಒಂದೇ ಸಲ ಕರೆದ ದನಿ

ನನಗೆ ಮೊಮ್ಮಗಳು ಹುಟ್ಟಿದಳು! ಇವತ್ತು ಬೆಳಿಗ್ಗೆ, ಹೆಬ್ಬೂರಿನ ನಮ್ಮ ಮನೆಯಲ್ಲೇ. ಬೀದಿಗೆಲ್ಲ ಸಕ್ಕರೆ ಹಂಚಿ ಬಂದರೂ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಆದರೂ ಇದನ್ನು ಬರೆಯಲೇಬೇಕು. ಈ ಮಗುವಿನ ತಾಯಿ, ನನ್ನ ಮಗಳು ಗೌರಿ, ಐದು ವರ್ಷದವಳಿದ್ದಾಗಲೇ ಹೋಗಿಬಿಡಬೇಕಿತ್ತು.

ದೆವ್ವ ಗಿವ್ವ ಎಂದರೆ ನಗುತ್ತಿದ್ದವಳು ನಾನು. ನಮ್ಮತ್ತೆ ಹೇಳುತ್ತಿದ್ದರು, "ನೀರಿನ ಹತ್ರ ಯಾರಾದ್ರೂ ಒಂದೇ ಸಲ ಕರೆದ್ರೆ ಓ ಅನ್ಬೇಡ ಕಣೇ. ಮನುಷ್ಯರಾದ್ರೆ ಮೂರು ಸಲ ಕರೀತಾರೆ."

"ಮೂರು ಸಲ ಕರೆಸ್ಕೊಂಡ್ರೆ ನಿಮ್ಮ ಮಗ ಸುಮ್ನಿರ್ತಾರಾ ಅತ್ತೆ?" ಎನ್ನುತ್ತಿದ್ದೆ.

ಗೌರಿಗೆ ಐದಾಗಿದ್ದ ಆ ವರ್ಷ ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಅಣೆಕಟ್ಟು ತುಂಬುತ್ತಿದೆ ಎಂದು ಸುದ್ದಿ. ಭರ್ತಿಯಾದರೆ ಯಾರೂ ಗೇಟು ತೆಗೆಯುವುದು ಬೇಡ, ಸೈಫನ್ ಕೊಳವೆಗಳಲ್ಲಿ ನೀರು ತಾನಾಗಿಯೇ ಹೊಳೆಗೆ ಧುಮುಕುತ್ತದೆ. ನೋಡಲು ಬುತ್ತಿ ಕಟ್ಟಿಕೊಂಡು ಹೋದೆವು. ಇನ್ನೂ ಧುಮುಕಿರಲಿಲ್ಲ. ಕೆಳಗೆ ಶಿಂಷಾ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ನಮ್ಮ ಯಜಮಾನರೂ ಅತ್ತೆಯೂ ದಡದ ಮೇಲೆ ಮರದ ನೆರಳಲ್ಲಿ ಕೂತರು. ಗೌರಿ ಹಟ ಹಿಡಿದಳೆಂದು ನಾನು ಅವಳ ಜೊತೆ ಬಂಡೆಗಿಳಿದು, ಮುತ್ತುಗದ ಎಲೆಯಲ್ಲಿ ಮೊಸರನ್ನ ಬಡಿಸಿದೆ. ಸುಡು ಮಧ್ಯಾಹ್ನ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

"ಚಿಕ್ಕೀ."

ಒಂದೇ ಸಲ, ದಡದ ಮೇಲಿನಿಂದ. ನನ್ನನ್ನು ಹಾಗೆ ಕರೆಯುತ್ತಿದ್ದವಳು ನನ್ನ ಅವ್ವ ಒಬ್ಬಳೇ. ಅವಳು ಸತ್ತು ಆಗಲೇ ಆರು ವರ್ಷ. ಬಾಯಿಂದ "ಓ" ಬಂದೇಬಿಟ್ಟಿತು. ಎದ್ದು ಮೇಲಕ್ಕೆ ಓಡಿದೆ. ಗೌರಿ ಅಳುತ್ತಾ ಹಿಂದೆಯೇ ಬಂದಳು. ದಡ ಹತ್ತಿ ತಿರುಗುವಷ್ಟರಲ್ಲಿ ಗುಡುಗಿದಂಥ ಸದ್ದು. ನಾವು ಕೂತಿದ್ದ ಬಂಡೆ ನೀರಿನಡಿ ಹೋಗಿತ್ತು.

ಮೇಲಿದ್ದವರಿಗೆ ಕೇಳಿಸಿದ್ದು ನನ್ನ "ಓ" ಮಾತ್ರ. ಚಿಕ್ಕಿ ಎಂದು ಒಂದೇ ಸಲ ಕರೆದದ್ದನ್ನು ಹೇಳುತ್ತಲೇ ನಮ್ಮತ್ತೆ ನನ್ನ ತೋಳು ಹಿಡಿದುಕೊಂಡರು. "ಓ ಅಂದ್ಬುಟ್ಟೆಯಲ್ಲೇ! ಉಳಿಸಿದ್ದು ಸುಮ್ನೆ ಬುಡಲ್ಲ ಕಣೇ. ಯಾವತ್ತಾದ್ರೂ ಕೇಳ್ಕೊಂಡು ಬರ್ತದೆ."

ಕರೆದದ್ದು ಅವ್ವನೋ, ಅವ್ವನ ದನಿಯಲ್ಲಿ ಬೇರೆ ಏನೋ, ಇವತ್ತಿಗೂ ತಿಳಿಯದು. ಹದಿನೈದು ವರ್ಷ ಗೌರಿಗೆ ಜ್ವರ ಬಂದಾಗಲೆಲ್ಲ ನನ್ನ ಕಿವಿ ಬಾಗಿಲ ಕಡೆಗೇ. ಚಿಕ್ಕಿ ಎಂಬ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅಳಿಯನಿಗೂ ಹೇಳಲಿಲ್ಲ.

ಇವತ್ತು ಸಂಜೆ, ಸುದ್ದಿ ತಿಳಿದು ತುಮಕೂರಿನಿಂದ ಅಳಿಯ ಬಂದರು. ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಗೌರಿ ಮಗುವಿನ ಪಕ್ಕ, ಒಳಕೋಣೆಯ ಬಾಗಿಲಲ್ಲೇ ತಟ್ಟೆ ಇಟ್ಟುಕೊಂಡಳು. ಅಳಿಯ ನನ್ನ ಕಡೆ ತಿರುಗಿ, "ಮಗೂನ ಚಿಕ್ಕಿ ಅಂತ ಕರೆಯೋಣ್ವಾ ಅತ್ತೆ? ಬಸ್ಸಲ್ಲಿ ಬರ್ತಾ ಯಾಕೋ ಹೊಳೀತು" ಎಂದರು.

ನಮ್ಮತ್ತೆಯ ಕೈಯಲ್ಲಿದ್ದ ಮುದ್ದೆ ತುತ್ತು ಹಾಗೇ ನಿಂತಿತು. ತುತ್ತನ್ನು ತಟ್ಟೆಗಿಟ್ಟು ಅವರೇ ಹೇಳಿದರು, "ಕರೀರಪ್ಪ. ಆದ್ರೆ ಯಾವತ್ತೂ ಮೂರು ಸಲ ಕರೀರಿ."

ಅಳಿಯ ನಗುತ್ತಾ "ಚಿಕ್ಕೀ" ಎಂದರು. ಮೊದಲನೇ ಸಲಕ್ಕೇ ಮಗು ಕಣ್ಣು ಬಿಟ್ಟಿತು. ಉಳಿದೆರಡು ಸಲ ನಾವೆಲ್ಲ ಸೇರಿ ಗಟ್ಟಿಯಾಗಿ ಕರೆದು, ಊಟ ಮುಂದುವರಿಸಿದೆವು.