ಟಿ-ರೆಕ್ಸ್‌ಗೆ ತೊಡೆ ತಟ್ಟೋಕೆ ಬರಲ್ಲ

ಇವತ್ತು ಕೊಡಿಗೇಹಳ್ಳಿ ಬೀಗರೂಟದಲ್ಲಿ ನನಗೂ ತಮ್ಮ ಮಂಜನಿಗೂ ಜಗಳ ಕಣ್ರೀ. ಡೈನೋಸಾರ್‌ಗಳ ಕಾದಾಟದಲ್ಲಿ ಟಿ-ರೆಕ್ಸ್ ಗೆಲ್ಲುತ್ತೆ ಅಂತ ಅವನು, ಸ್ಪೈನೋಸಾರಸ್ ಅಂತ ನಾನು. ಮಟನ್ ಬಕೆಟ್ಟಲ್ಲಿ ಉಳಿದಿದ್ದ ಒಂದೇ ನಲ್ಲಿಮೂಳೆ ಗೆದ್ದವರಿಗೆ. ತೀರ್ಪು ಹಳೇ ಪೈಲ್ವಾನ್ ದೊಡ್ಡಪ್ಪಂದು. ಅಲ್ಲೀವರೆಗೂ ಮೂಳೆ ಅವರ ಎಲೆ ಮೇಲೆ.

ಮೊಬೈಲಲ್ಲಿ ಎರಡರ ಚಿತ್ರಾನೂ ನೋಡಿ ದೊಡ್ಡಪ್ಪ ಅಂದ್ರು: "ಟಿ-ರೆಕ್ಸ್ ಕೈ ಮೋಟು. ತೊಡೆ ತಟ್ಟಕ್ಕೇ ಆಗಲ್ಲ, ಅಖಾಡಕ್ಕೆ ಎಂಗ್ಲಾ ಇಳೀತದೆ? ಇನ್ನೊಂದರ ಬೆನ್ನ ಮೇಲೆ ಆಳೆತ್ತರ ಗೋಡೆ ಐತೆ. ಬೆನ್ನು ಮಣ್ಣಿಗೆ ತಾಗಿದ್ರೆ ತಾನೇ ಸೋಲು? ಇದೇ ಗೆದ್ದಂಗೆ."

ಮಂಜ ಕೂಗಾಡಿದ. "ದೊಡ್ಡಪ್ಪ, ಟಿ-ರೆಕ್ಸ್ ಒಂದ್ಸಲ ಕಚ್ಚಿದ್ರೆ ಮೂಳೆ ಪುಡಿಪುಡಿ!"

"ಕುಸ್ತೀಲಿ ಕಚ್ಚಂಗಿಲ್ಲ ಕಣ್ಲಾ."

ಗೆದ್ದೆ ಅಂತ ಕೈ ಚಾಚಿದೆ. ಮೂಳೆ ಆಗಲೇ ದೊಡ್ಡಪ್ಪನ ಬಾಯಲ್ಲಿತ್ತು. ಕಚ್ಚಬಾರದು ಅನ್ನೋ ರೂಲ್ಸು ಅಖಾಡಕ್ಕೆ ಮಾತ್ರವಂತೆ, ಪಂಕ್ತಿಗಲ್ಲ.