ಆರ್ಲಿಸ್ ಬರೆದ ಸೊನ್ನೆಗಳು

ಅಮೆರಿಕದ ನಾರ್ತ್ ಡಕೋಟಾದ ಪುಟ್ಟ ಊರೊಂದರ ವೃದ್ಧಾಶ್ರಮದಲ್ಲಿ ಆರ್ಲಿಸ್ ಟ್ವೇಟನ್ ಮೂವತ್ತೊಂದು ವರ್ಷದಿಂದ ನರ್ಸ್. "ಈ ಐದು ದಿನದಲ್ಲಿ ನೋವಿತ್ತಾ?" ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಳ್ಳುವುದು ಅವಳ ಪಾಲಿನ ಕೆಲಸ. ಗೋಧಿ ಬೆಳೆದು ಬದುಕಿದ ಮುದುಕರು; ಪ್ರಾಣ ಹೋದರೂ ನೋವೆಂದು ಬಾಯಿ ಬಿಡುವ ಪೈಕಿಯವರಲ್ಲ. ಅದೂ ತಿಂಡಿ ಮುಗಿಸಿ ಕುರ್ಚಿಯಲ್ಲಿ ಅಲುಗಾಡದೆ ಕೂತಾಗ ಕೇಳಿದರೆ ಇನ್ನೇನು ಹೇಳಿಯಾರು? ಅವಳು ಬರೆದದ್ದನ್ನು ನೋಡಿ ಸರ್ಕಾರ ಹಾಕುವ ಪಟ್ಟಿಯಲ್ಲಿ, ನೋವಿರುವವರು ಅತಿ ಕಡಿಮೆ ಎಂದು ಆ ವೃದ್ಧಾಶ್ರಮಕ್ಕೆ ಸುತ್ತಮುತ್ತಲಲ್ಲೆಲ್ಲ ಮೊದಲ ಸ್ಥಾನ. ಆರ್ಲಿಸ್ ಬೀಗಿದಳು, ಸುಳ್ಳೇಕೆ ಹೇಳಲಿ.

ಸೊಂಟದ ಮೂಳೆ ಮುರಿದು ಬಂದ ಇಂಗ್‌ವಾಲ್ಡ್ ಬ್ರಾಟನ್ ಕೂಡ "ಏನಿಲ್ಲ ಕಣಮ್ಮ, ನನಗಿಂತ ಕಷ್ಟದಲ್ಲಿರೋರು ಇದಾರೆ" ಎನ್ನುತ್ತಲೇ ಏಳು ತಿಂಗಳು ಕಳೆದ. ಹೆಂಡತಿ ಸೆಲ್ಮಾ ಬಂದಾಗಲೆಲ್ಲ ಆರ್ಲಿಸ್ ಕಾಗದ ತೋರಿಸಿ, "ನೋಡಿ, ನೋವು ಸೊನ್ನೆ" ಎನ್ನುತ್ತಿದ್ದಳು.

ಅವನು ಸತ್ತ ಮೇಲೆ ಹಾಸಿಗೆ ತೆಗೆಯುವಾಗ ದಿಂಬಿನ ಮೂಲೆ ಕೈಗೆ ಸಿಕ್ಕಿತು. ಕಚ್ಚಿ ಕಚ್ಚಿ ಬಟ್ಟೆ ಜಾಳಾಗಿತ್ತು. ಮಲಗಿದಲ್ಲೇ ಹುಣ್ಣಾಗದಿರಲೆಂದು ದಿನವೂ ಅವನನ್ನು ಮಗ್ಗುಲಿಗೆ ಹೊರಳಿಸುವಾಗ ಮುಖ ಗೋಡೆಯ ಕಡೆಗಿರುತ್ತಿತ್ತು, ಯಾರೂ ನೋಡಿರಲಿಲ್ಲ. ಆರ್ಲಿಸ್ ಅಲ್ಲೇ ಕೂತು ಅತ್ತಳು.

ಮರುದಿನದಿಂದ ಅವಳು ಉಳಿದವರನ್ನು ಹೊರಳಿಸುವ ಹೊತ್ತಿಗೇ ಹೋಗಿ ಕೇಳತೊಡಗಿದಳು. ನೋವೆಂಬ ಮಾತೇ ಎತ್ತದೆ, "ಎಲ್ಲಿ ಹಿಡ್ಕೊಂಡಿದೆ? ಎಲ್ಲಿ ಸೆಳೀತಿದೆ?" ಎಂದಳು. ಆಗ ಹೇಳಿದರು. ಹೊರಳಿಸುವ ಮುಂಚೆ ಮಾತ್ರೆ ಕೊಡುವುದು ಶುರುವಾಯಿತು. ವೃದ್ಧಾಶ್ರಮದ ಸ್ಥಾನ ಮಾತ್ರ ಪಾತಾಳಕ್ಕಿಳಿಯಿತು.

"ಏನ್ ಆರ್ಲಿಸ್, ಒಂದೇ ತಿಂಗಳಲ್ಲಿ ಎಲ್ಲರಿಗೂ ನೋವು ಅಂಟಿಸಿಬಿಟ್ಯಲ್ಲ!" ಎಂದ ಮೇಲಧಿಕಾರಿ ಗಾರ್ಡನ್.

"ಮೊದ್ಲೇ ಇತ್ತು ಗಾರ್ಡನ್. ಬೇಕಿದ್ರೆ ನನ್ನ ತೆಗೆದುಹಾಕು, ಬರೆದದ್ದು ತಿದ್ದಲ್ಲ."

ಗಾರ್ಡನ್ ಗೊಣಗಿಕೊಂಡು ಹೊರಟುಹೋದ. ಅವನ ಭಯ ಅವಳಿಗಿರಲಿಲ್ಲ. ಅವಳನ್ನು ತಿನ್ನುತ್ತಿದ್ದದ್ದು ಸೆಲ್ಮಾಳಿಗೆ ನಿಜ ಹೇಳುವುದೋ ಬೇಡವೋ ಎಂಬುದು. ಹೇಳಿದರೆ ಆ ಮುದುಕಿಗೆ ಇದ್ದೊಂದು ಸಮಾಧಾನವೂ ಹೋಗುತ್ತದೆ. ಕೊನೆಗೆ ಒಂದು ಭಾನುವಾರ ಚರ್ಚು ಬಿಟ್ಟ ಮೇಲೆ ಎಲ್ಲರೂ ಕಾಫಿಗೆ ಕೂತಾಗ, ಸೆಲ್ಮಾಳ ಪಕ್ಕಕ್ಕೆ ಹೋಗಿ ದಿಂಬಿನ ಸಂಗತಿಯೆಲ್ಲ ಹೇಳಿದಳು.

ಸೆಲ್ಮಾ ಕಪ್ಪನ್ನು ಕೆಳಗಿಟ್ಟಳು.

"ನಂಗೊತ್ತಿತ್ತು ಕಣೆ. ಐವತ್ತೆಂಟು ವರ್ಷ ಬಾಳಿದೀನಿ, ಅವನ ಮುಖ ನೋಡಿದ್ರೆ ತಿಳಿಯಲ್ವಾ? ನೀನು ಕಾಗದ ತೋರಿಸಿದ್ಯಲ್ಲ, ನಂದೇ ತಪ್ಪಿರಬೇಕು ಅಂತ ಸುಮ್ನಾದೆ."