ಅಪ್ಪನ ಕೈಯಳತೆಯ ದಾಡಿ ಬ್ರಷ್ಷು

ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ಪಟ್ಟಿ ಪಟಪಟ ಸದ್ದು ಮಾಡುತ್ತ ತಿರುಗತೊಡಗಿದರೆ ನನ್ನ ಕೈ ತಾನಾಗಿಯೇ ಪಕ್ಕದಲ್ಲಿ ನಿಂತವರ ಸೆರಗನ್ನು ಹಿಡಿದುಕೊಳ್ಳುತ್ತದೆ. ಗುರುತಿಲ್ಲದವರಾದರೂ ಸರಿಯೆ. "ಯಾಕ್ರಿ ಬಾಯಾರ?" ಎಂದು ಅವರು ತಿರುಗಿ ನೋಡುತ್ತಾರೆ. "ಏನಿಲ್ಲರಿ, ಪಟ್ಟಿಗೆ ಸಿಕ್ಕೀತು ಅಂತ" ಎನ್ನುತ್ತೇನೆ. ಪಟ್ಟಿ ಅಲ್ಲಿಂದ ಎಷ್ಟೋ ದೂರ, ಗೋಡೆಯ ಆಚೆ ಇರುತ್ತದೆ. ಇದಕ್ಕೆಲ್ಲ ಕಾರಣ ಒಂದು ದಾಡಿ ಬ್ರಷ್ಷು ಎಂದರೆ ಯಾರೂ ನಂಬುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಹುನಗುಂದದ ಮನೆಗೆ ಬಂದಿದ್ದೆ. ಅಪ್ಪ ಅಲ್ಲಿಯ ಒಂದು ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು. ಆ ಚಳಿಗಾಲದಲ್ಲಿ ಅವರಿಗೆ ಸಣ್ಣಗೆ ಲಕ್ವ ಹೊಡೆದಿತ್ತು. ಬಾಯಿ ಸರಿಹೋಯಿತು, ಕಾಲು ಸರಿಹೋಯಿತು. ಬಲಗೈಯ ಬೆರಳುಗಳು ಮಾತ್ರ ಪೂರ್ತಿ ಮಡಚಲಿಲ್ಲ. ಪೇರಲ ಹಣ್ಣಿನಷ್ಟು ದಪ್ಪದ್ದನ್ನು ಹಿಡಿಯಬಲ್ಲರು, ಅದಕ್ಕಿಂತ ತೆಳ್ಳಗಿನದೆಲ್ಲ ಜಾರಿ ಬೀಳುತ್ತಿತ್ತು. ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತರು. ಊಟಕ್ಕೆ ಚಮಚೆಯನ್ನೂ ಒಪ್ಪಿಕೊಂಡರು. ದಾಡಿಯ ವಿಷಯಕ್ಕೆ ಬಂದಾಗ ಮಾತ್ರ ಹಟ ಹಿಡಿದರು.

ದಾಡಿ ಎಂದರೆ ಅಪ್ಪನಿಗೆ ಬೆಳಗಿನ ದರ್ಬಾರು. ಪಡಸಾಲೆಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಮಣೆಯ ಮೇಲೆ ಕುಳಿತು, ಗಲ್ಲದ ಮೇಲೆ ನೊರೆ ತಿರುವುತ್ತ ಅವ್ವನಿಗೆ ಅಂದಿನ ಅಡಿಗೆ ಏನೆಂದು ಕೇಳುವರು. ನನಗೆ ಹದಿನೇಳರ ಮಗ್ಗಿ ಹೇಳಿಸುವರು. ಬೀದಿಯಲ್ಲಿ ಹೋಗುವವರನ್ನು ತಿರುಗಿ ನೋಡದೆ ಕನ್ನಡಿಯಲ್ಲೇ ಕಂಡು ಮಾತಾಡಿಸುವರು. ರೇಜರಿನ ಕೆಲಸ ಎರಡು ನಿಮಿಷದ್ದು, ನೊರೆಯ ಕೆಲಸ ಅರ್ಧ ತಾಸಿನದು. ಲಕ್ವದ ನಂತರ ಎರಡೂ ಕೆಲಸ ನನ್ನ ಪಾಲಿಗೆ ಬಂದವು. ನಾನು ನೊರೆ ಹಚ್ಚುವಾಗ ಅವರು ಮಾತಾಡುತ್ತಿರಲಿಲ್ಲ. ಸೂಜಿ ಚುಚ್ಚಿಸಿಕೊಳ್ಳಲು ಕುಳಿತ ಮಗುವಿನಂತೆ ಕಣ್ಣು ಮುಚ್ಚಿ, ಬಾಯಿ ಬಿಗಿದು ಕುಳಿತಿರುತ್ತಿದ್ದರು.

ಜೂನ್ ತಿಂಗಳಿನಲ್ಲಿ ಶಾಲೆ ಶುರುವಾಗುವುದಿತ್ತು. ಕೆಲಸಕ್ಕೆ ಹೋಗಬಹುದೆಂದು ಡಾಕ್ಟರರು ಹೇಳಿದ್ದರು. ಅಪ್ಪ ಬೇರೆಯದನ್ನೇ ಹೇಳಿದರು.

"ನನ್ನ ಮಾರಿಗೆ ನಾ ಬುರುಗು ಹಚ್ಕೊಳ್ಳಾಕ ಬರಂಗಿಲ್ಲಂದ್ರ ಅಷ್ಟ ಹುಡುಗ್ರ ಮುಂದ ಹೆಂಗ ನಿಂದರ್ಲಿ? ರಾಜೀನಾಮಿ ಕೊಟ್ಟಬಿಡ್ತೇನಿ."

"ಬುರುಗು ಹಚ್ಚಾಕ ಸರಕಾರ ಪಗಾರ ಕೊಡತೈತೇನು?" ಎಂದಳು ಅವ್ವ.

"ನಿನಗ ತಿಳಿಯಂಗಿಲ್ಲ."

ಅವ್ವನಿಗೆ ತಿಳಿದಿತ್ತು. ಒಳಗೆ ಬಂದು ನನ್ನ ಕಿವಿಯಲ್ಲಿ, "ಇವರು ಖರೇನ ಬಿಡ್ತಾರ ನೋಡು. ಸಾಲಿ ಬಿಟ್ಟರ ಮನ್ಯಾಗ ಕುಂತು ಒಣಗಿ ಹೋಗ್ತಾರ" ಎಂದಳು.

ಉಪಾಯ ಹೊಳೆದದ್ದು ಮಂಚದ ಕಾಲಿನಿಂದ. ನಮ್ಮ ಮಂಚದ ಕಾಲುಗಳು ಕಡಸಲು ಹಿಡಿದು, ಎಂದರೆ ಕಟ್ಟಿಗೆಯನ್ನು ಗರಗರ ತಿರುಗಿಸುತ್ತ ಉಳಿಯಿಂದ ಕೆತ್ತಿ ಮಾಡಿದಂಥವು, ನಡುವೆ ಗುಂಡಗೆ ಉಬ್ಬಿದ್ದವು. ಅಪ್ಪ ಹಾಸಿಗೆಯಿಂದ ಏಳುವಾಗ ಬಲಗೈಯಲ್ಲಿ ಆ ಉಬ್ಬನ್ನೇ ಹಿಡಿದು ಏಳುತ್ತಿದ್ದರು, ಕೈ ಜಾರುತ್ತಿರಲಿಲ್ಲ. ಅಷ್ಟು ದಪ್ಪ ಹಿಡಿಕೆಯ ಬ್ರಷ್ಷು ಅಂಗಡಿಯಲ್ಲಿ ಸಿಗದು, ಮಾಡಿಸಬೇಕು ಎಂದೆ. ಮಂಚ ಮಾಡಿದವನು ಇಳಕಲ್ಲಿನವನು. ಮರುದಿನವೇ ಅಪ್ಪ ಮತ್ತು ನಾನು ಇಳಕಲ್ಲಿನ ಬಸ್ಸು ಹತ್ತಿದೆವು.

ಮಗ್ಗಗಳ ಸದ್ದಿನ ಓಣಿ ದಾಟಿದರೆ ಅವನ ಮನೆ. ಅಂಗಳದ ತುಂಬ ತೊಟ್ಟಿಲ ಕಾಲುಗಳು, ಲಟ್ಟಣಿಗೆಗಳು, ಕೆಂಪು ಹಳದಿ ಅರಗಿನ ತುಂಡುಗಳು. ದಪ್ಪ ಹೊಟ್ಟೆಯ, ಬಾಯಿಗೆ ಬಿಡುವೇ ಕೊಡದ ಮನುಷ್ಯ. ಹೊಸದಾಗಿ ಕರೆಂಟಿನ ಮೋಟಾರು ಕೂಡಿಸಿದ್ದ. ಮೋಟಾರಿನಿಂದ ಕಟ್ಟಿಗೆ ತಿರುಗಿಸುವ ಲೇತಿಗೆ ಅಗಲವಾದ ಪಟ್ಟಿ ಹಾದು ಹೋಗಿತ್ತು. ಅದಕ್ಕೂ ಮೊದಲು ಅವನ ಹೆಂಡತಿ ಎದುರಿಗೆ ಕುಳಿತು ಹಗ್ಗ ಎಳೆದರೆ ಕಟ್ಟಿಗೆ ತಿರುಗುತ್ತಿತ್ತಂತೆ.

"ಇದು ನನ್ನ ಎರಡನೇ ಹೇಣ್ತಿ ನೋಡ್ರಿ ಮಾಸ್ತರ್ರ" ಎಂದು ಮೋಟಾರಿನ ಬೆನ್ನು ತಟ್ಟಿದ. "ಗುಂಡಿ ಒತ್ತಿದ್ರ ಸಾಕು, ಎದುರ ಮಾತಾಡೂದಿಲ್ಲ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಅಲ್ಲಿಂದಲೇ ಹೇಳಿದಳು: "ಹಂಗಾರ ಮಧ್ಯಾಹ್ನ ರೊಟ್ಟಿ ಆಕೀನ್ನ ಕೇಳು."

ಅಪ್ಪನ ಹಳೆಯ ಬ್ರಷ್ಷನ್ನು ಅವನು ಮೂಗಿನ ಹತ್ತಿರ ಹಿಡಿದು, ಕೂದಲನ್ನು ಉಗುರಿನಿಂದ ತೀಡಿ ನೋಡಿದ.

"ಇದು ಹಂದಿ ಕೂದ್ಲರಿ ಮಾಸ್ತರ್ರ."

ಅಪ್ಪನ ಎಡಗೈ ಅಂಗಿಯೊಳಗಿನ ಇಷ್ಟಲಿಂಗದ ಕಡೆಗೆ ಹೋಯಿತು. ಮದುವೆಗೂ ಮೊದಲಿನಿಂದ ದಿನಾ ಬೆಳಿಗ್ಗೆ ಆ ಹಂದಿ ಕೂದಲನ್ನೇ ಗಲ್ಲಕ್ಕೆ ತಿಕ್ಕಿಕೊಂಡು, ಆಮೇಲೆ ಸ್ನಾನ ಮಾಡಿ ಪೂಜೆಗೆ ಕೂಡುತ್ತಿದ್ದ ಮನುಷ್ಯ. "ಖರೇನ?" ಎಂದರು.

"ಖರೇರಿ. ಬಿರಸು ನೋಡ್ರಿ ಹೆಂಗೈತಿ."

ಅಪ್ಪ ಸ್ವಲ್ಪ ಹೊತ್ತು ಬ್ರಷ್ಷನ್ನೇ ನೋಡಿ ನನ್ನ ಕಡೆ ತಿರುಗಿದರು. "ತಂಗಿ, ಇದನ್ನ ನಿಮ್ಮವ್ವನ ಮುಂದ ಹೇಳಬ್ಯಾಡ."

"ಯಾಕಪ್ಪಾ?"

"ನನ್ನ ಮಾರಿ ಹಂಡೇದಾಗ ಹಾಕಿ ಕುದಸ್ತಾಳ."

ಹೊಸದಕ್ಕೆ ಕುದುರೆ ಬಾಲದ ಕೂದಲು ಎಂದು ತೀರ್ಮಾನವಾಯಿತು. ಬಸ್‌ಸ್ಟ್ಯಾಂಡಿನ ಟಾಂಗಾದವನು ಅವನ ದೋಸ್ತನಂತೆ. "ಕುದುರಿ ಹುಲ್ಲು ತಿಂತೈತಿ, ನಡೀತೈತಿ" ಎಂದರು ಅಪ್ಪ. ಕುದುರೆಯ ಕೂದಲಿನಿಂದ ಕೆಟ್ಟ ರೋಗ ಬರಬಹುದೆಂದು ನಾನು ಕಾಲೇಜಿನ ಪುಸ್ತಕದಲ್ಲಿ ಓದಿದ್ದೆ. ಚೆನ್ನಾಗಿ ಕುದಿಸಬೇಕು ಎಂದೆ. "ಚಾ ಕುದಸಿದಂಗ ಕುದಸ್ತೇನ್ರಿ ಅಕ್ಕಾರ, ಹಾಲು ಸಕ್ಕರಿ ಅಷ್ಟ ಹಾಕಂಗಿಲ್ಲ" ಎಂದ.

ಹಿಡಿಕೆಯ ಅಳತೆಗೆ ಅವನು ಹೆಂಡತಿ ಹಿಟ್ಟು ನಾದುವ ಕೊಣಮಿಗೆಯಿಂದ ಜೋಳದ ಹಿಟ್ಟಿನ ಒಂದು ಮುದ್ದೆಯನ್ನು ಎತ್ತಿಕೊಂಡು ಬಂದ. "ರೊಟ್ಟಿ ಮಾಡ್ಲೋ, ನಿನ್ನ ಬ್ರಷ್ಷು ಮಾಡ್ಲೋ?" ಎಂದು ಆಕೆ ಗೊಣಗುತ್ತಲೇ ಎದ್ದು ಬಂದು ಬಾಗಿಲಲ್ಲಿ ನಿಂತಳು. ಅಪ್ಪನ ಬಲಗೈಯಲ್ಲಿ ಹಿಟ್ಟು ಇಟ್ಟು, "ಹಿಡೀರಿ ಮಾಸ್ತರ್ರ, ಎಷ್ಟು ಬರತೈತಿ ಅಷ್ಟು" ಎಂದ. ಅಪ್ಪ ಹಿಡಿದರು. ಹೆಬ್ಬೆರಳು ಒಂದು ಕಡೆ ಇಳಿಯಿತು, ಉಳಿದ ಬೆರಳುಗಳು ಅರ್ಧಕ್ಕೆ ನಿಂತವು. ಕೈ ಬಿಡಿಸಿದಾಗ ಹಿಟ್ಟಿನ ಮೇಲೆ ಅವರ ಕೈ ಅಚ್ಚೊತ್ತಿತ್ತು. ಐದು ತಿಂಗಳಲ್ಲಿ ಆ ಕೈ ಏನು ಮಾಡಬಲ್ಲದು ಎಂಬುದನ್ನು ಯಾರಾದರೂ ಕೇಳಿದ್ದು ಅದೇ ಮೊದಲು ಇರಬೇಕು. ಅಲ್ಲಿಯವರೆಗೆ ನಾವೆಲ್ಲ ಅದು ಏನು ಮಾಡಲಾರದು ಎಂದೇ ನೋಡುತ್ತಿದ್ದೆವು. ಅಪ್ಪ ಹಿಟ್ಟನ್ನು ಹೊರಳಿಸಿ ನೋಡಿ, "ಅಷ್ಟೇನು ಕೆಟ್ಟಿಲ್ಲ" ಎಂದರು.

ಅವನು ಜಾಲಿ ಕಟ್ಟಿಗೆಯ ತುಂಡನ್ನು ಲೇತಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಪಟ್ಟಿ ಪಟಪಟ ಎಂದಿತು. ಉಳಿ ತಗುಲಿದ ಕೂಡಲೇ ಕಟ್ಟಿಗೆಯ ಸುರುಳಿಗಳು ಹಾರತೊಡಗಿದವು. ಅಪ್ಪನಿಗೆ ತಡೆಯಲಾಗಲಿಲ್ಲ. ಹಿಡಿಕೆ ರೂಪ ತಾಳುವುದನ್ನು ನೋಡಲು ಹತ್ತಿರ ಹೋದರು. ಇನ್ನೂ ಸ್ವಲ್ಪ ಹತ್ತಿರ ಹೋದರು. ಬಗ್ಗಿದರು.

ಮುಂದಿನದನ್ನು ನಾನು ಇಷ್ಟು ವರ್ಷಗಳಿಂದ ನೋಡುತ್ತಲೇ ಇದ್ದೇನೆ. ಅಪ್ಪನ ದೋತರದ ಇಳಿಬಿದ್ದ ತುದಿಯ ಚುಂಗು ಗಾಳಿಗೆ ಒಮ್ಮೆ ಅಲುಗಿತು. ಪಟ್ಟಿ ಅದನ್ನು ಮೆಲ್ಲಗೆ, ಕರೆದುಕೊಂಡು ಹೋಗುವಂತೆ, ಒಳಗೆ ತೆಗೆದುಕೊಂಡಿತು. ನನಗೆ ಕಂಡಿತು. ಕೂಗಬೇಕೆಂದು ಬಾಯಿ ತೆರೆದೆ, ದನಿ ಬರಲಿಲ್ಲ. ದೋತರ ಬಿಗಿಯಾಗಿ ನೆಟ್ಟಗಾಯಿತು. ಅಪ್ಪ ಯಾರೋ ತಳ್ಳಿದವರಂತೆ ಲೇತಿನ ಕಡೆಗೆ ಎರಡು ಹೆಜ್ಜೆ ಓಡಿದರು. ಅವರ ತಲೆ ತಿರುಗುವ ಕಟ್ಟಿಗೆಯ ಹತ್ತಿರ, ಬಹಳ ಹತ್ತಿರ ಹೋಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹಿಟ್ಟಿನ ಕೈಯಿಂದಲೇ ಗೋಡೆಯ ಮೇಲಿನ ವೈರನ್ನು ಕಿತ್ತು ಎಳೆದಳು. ಅದೇ ಕ್ಷಣಕ್ಕೆ ದೋತರ ಅಪ್ಪನ ಸೊಂಟವನ್ನು ಬಿಟ್ಟು ಸರಸರನೆ ಸುತ್ತಿಕೊಳ್ಳುತ್ತ ಹೋಗಿ ಮೋಟಾರಿನೊಂದಿಗೆ ನಿಂತಿತು.

ಅಪ್ಪ ಕಂಬ ಹಿಡಿದು ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದರು. ಕನ್ನಡಕ ಒಂದು ಕಿವಿಗೆ ಜೋತುಬಿದ್ದಿತ್ತು. ಅವರು ಮೊದಲು ತಮ್ಮನ್ನು ನೋಡಿಕೊಂಡರು, ಆಮೇಲೆ ನನ್ನನ್ನು.

"ಆ ಕಡೆ ಮಾರಿ ಮಾಡು, ತಂಗಿ" ಎಂದರು.

ಕಡಸಲಿನವನು ನೆಲದ ಮೇಲೆ ಕುಳಿತುಬಿಟ್ಟ. ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡು, "ನಿನ್ನ ಎರಡನೇ ಹೇಣ್ತಿ ಎದುರ ಮಾತಾಡೂದಿಲ್ಲ ಅಂದಿದ್ದಿಯಲ್ಲ, ಕೇಳಿದೇನು?" ಎಂದು ಗಂಡನನ್ನು ಕೇಳಿದಳು. ಅಪ್ಪನಿಗೆ ನಗು ಬಂತು. ನಗು ಬಂದದ್ದು ನಿಲ್ಲಲಿಲ್ಲ. ಕಂಬ ಹಿಡಿದು ಕೆಮ್ಮುವವರೆಗೂ ನಕ್ಕರು. ಕಡಸಲಿನವನೂ ಕಣ್ಣೊರೆಸಿಕೊಳ್ಳುತ್ತ ನಕ್ಕ. ನಾನೊಬ್ಬಳೇ ನಗದೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ.

ಕೈ ಸರಿಯಿದ್ದಾಗ ಅಪ್ಪ ಬಿಗಿಯಾಗಿ ಕಚ್ಚೆ ಹಾಕಿಯೇ ದೋತರ ಉಡುತ್ತಿದ್ದರು. ಲಕ್ವದ ನಂತರ ಕಚ್ಚೆ ಕಟ್ಟಲು ಬೆರಳು ಸಾಲದೆ, ಅವ್ವನ ಕೈಯಲ್ಲೂ ಕಟ್ಟಿಸಿಕೊಳ್ಳದೆ, ಲುಂಗಿಯಂತೆ ಸುತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಅದಕ್ಕೇ ದೋತರ ಬಿಚ್ಚಿಹೋಯಿತು. ಕಚ್ಚೆ ಇದ್ದಿದ್ದರೆ ದೋತರದೊಂದಿಗೆ ಅವರೂ ಹೋಗುತ್ತಿದ್ದರು. ಇದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಡಸಲಿನವನ ಚೌಕಳಿ ಲುಂಗಿ ಉಟ್ಟು ಅಪ್ಪ ಬಸ್ಸು ಹತ್ತಿದರು. ಕಂಡಕ್ಟರು ಅವರ ಹಳೆಯ ವಿದ್ಯಾರ್ಥಿ. "ಸರ, ಇವತ್ತ ಏನ್ರಿ ಈ ವೇಷ?" ಎಂದ.

"ದೋತರ ಕಡಸಲಿಗೆ ಹಾಕೇನಿ" ಎಂದರು ಅಪ್ಪ. "ಗುಂಡಗ ಮಾಡಿ ಕೊಡ್ತಾನಂತ."

ಹುನಗುಂದ ತಲುಪುವ ಹೊತ್ತಿಗೆ ಇಡೀ ಬಸ್ಸಿಗೆ ಕಥೆ ಗೊತ್ತಾಗಿತ್ತು. ಅವ್ವನಿಗೆ ಅವರೇ ಹೇಳಿದರು, ಹಂದಿ ಕೂದಲಿನ ಮಾತೊಂದನ್ನು ಬಿಟ್ಟು. ಆಕೆ ಮೊದಲು ಬೈದಳು, ಆಮೇಲೆ ಚಡ್ಡಿಯ ಮಾತಿಗೆ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಓಣಿಯವರು ಬಂದು ಬಂದು ಹೇಳಿಸಿಕೊಂಡರು. ಒಂದೊಂದು ಸಲಕ್ಕೂ ದೋತರ ಉದ್ದವಾಗುತ್ತಿತ್ತು, ಚಡ್ಡಿಯ ಪಟ್ಟೆಗಳು ಹೆಚ್ಚುತ್ತಿದ್ದವು. ನಾನು ಎಲ್ಲರಿಗೂ ಚಹಾ ಕೊಡುತ್ತಿದ್ದೆ. ಕಥೆ ಆ ಎರಡು ಹೆಜ್ಜೆಗಳ ಹತ್ತಿರ ಬಂದಾಗ ಒಳಗೆ ಹೋಗಿಬಿಡುತ್ತಿದ್ದೆ.

ಹಂದಿ ಕೂದಲಿನ ಬ್ರಷ್ಷನ್ನು ಮತ್ತೆ ಮುಟ್ಟದೆ ಅಪ್ಪ ಅಷ್ಟು ದಿನ ದಾಡಿ ಬಿಟ್ಟಿದ್ದರು. ಶಾಲೆ ಶುರುವಾಗುವ ಹಿಂದಿನ ಸಂಜೆ ಕಡಸಲಿನವನು ತಾನೇ ಬಸ್ಸಿನಲ್ಲಿ ಬಂದು ಬ್ರಷ್ಷು ಕೊಟ್ಟ. ಹಿಡಿಕೆಯನ್ನು ಮೋಟಾರಿನಲ್ಲಿ ಮುಗಿಸಿರಲಿಲ್ಲ. "ಮೊದಲನೇ ಹೇಣ್ತೀನ ಹಗ್ಗ ಜಗ್ಗಿದ್ಲರಿ. ಜಗ್ಗೂ ಮುಂದ ಪೂರಾ ಬೈದ್ಲು" ಎಂದ. ಪೇರಲ ಹಣ್ಣಿನ ಗಾತ್ರದ ಹಿಡಿಕೆ, ಹೆಬ್ಬೆರಳಿಗೊಂದು ತಗ್ಗು, ಮೇಲೆ ಕೆಂಪು ಅರಗು. ಕುದುರೆ ಕೂದಲು ಕಪ್ಪಗೆ, ಸ್ವಲ್ಪ ಓರೆಯಾಗಿ ನಿಂತಿತ್ತು. ಅಪ್ಪ ರಾತ್ರಿಯಿಡೀ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು, ನೀರಿಗೆ ಮಾತ್ರ ಅದ್ದಲಿಲ್ಲ.

ಬೆಳಿಗ್ಗೆ ಕಂಬಕ್ಕೆ ಕನ್ನಡಿ ಹಾಕಿದೆ. ಅವ್ವ ಬಿಸಿನೀರು ಇಟ್ಟು, ಒಳಗೆ ಹೋದಂತೆ ಮಾಡಿ ಬಾಗಿಲ ಹಿಂದೆ ನಿಂತಳು. ಅಪ್ಪ ಬ್ರಷ್ಷನ್ನು ಅದ್ದಿದರು, ಸಾಬೂನಿಗೆ ಹಚ್ಚಿದರು, ಗಲ್ಲಕ್ಕೆ ಇಟ್ಟರು. ಮಣಿಕಟ್ಟು ಸರಿಯಾಗಿ ತಿರುಗಲಿಲ್ಲ. ನೊರೆ ಕಿವಿಗೆ ಹೋಯಿತು, ಮೂಗಿನ ತುದಿಗೆ ಹೋಯಿತು. ಹಿಡಿಕೆ ಮಾತ್ರ ಜಾರಲಿಲ್ಲ. ಅವರು ಮತ್ತೆ ತಿರುವಿದರು. ಆಗ ಕನ್ನಡಿಯಲ್ಲಿ ಹಾಲಿನವನು ಕಂಡ.

"ಏನಲೇ, ನಿನ್ನಿ ಹಾಲಿನ್ಯಾಗ ನೀರು ಎಷ್ಟು ಹಾಕಿದ್ದಿ?"

ಹಾಲಿನವನು ಸೈಕಲ್ಲು ನಿಲ್ಲಿಸಿದ. "ನೀವು ಮಾತಾಡಿದ್ರಲ್ಲ ಸರ, ಇನ್ನ ಮ್ಯಾಲೆ ಹಾಕೂದಿಲ್ಲ ಬಿಡ್ರಿ." ಬಾಗಿಲ ಹಿಂದೆ ಅವ್ವ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು.

ಅರ್ಧ ತಾಸಾದ ಮೇಲೆ ರೇಜರು ಹಿಡಿದು ನಾನು ಮುಂದೆ ಕುಳಿತೆ. ಅಪ್ಪ ಗಲ್ಲ ಎತ್ತಿದರು. ಕೊರಳು ಕಂಡಿತು. ತಿರುಗುವ ಕಟ್ಟಿಗೆಯ ಅಷ್ಟು ಹತ್ತಿರ ಹೋಗಿ ಬಂದ ಕೊರಳು. ನನ್ನ ಕೈ ಅಲ್ಲಿಗೆ ಹೋಗಲಿಲ್ಲ. ರೇಜರನ್ನು ಮಡಿಲಿಗೆ ಇಳಿಸಿದೆ, ಮತ್ತೆ ಎತ್ತಿದೆ, ಮತ್ತೆ ಇಳಿಸಿದೆ.

ಅಪ್ಪ ನನ್ನ ಕೈಯನ್ನು ನೋಡಿದರು. ಅಷ್ಟು ದಿನ ನಗುತ್ತ ಹೇಳಿದ ಕಥೆಯನ್ನು ಅಂದು ಹೇಳಲಿಲ್ಲ.

"ನಿನಗ ಇನ್ನೂ ಹೋಗಿಲ್ಲಲ್ಲ ಅದು" ಎಂದರು. "ತಾ ಇಲ್ಲೆ."

ಎಡಗೈಯಲ್ಲಿ ರೇಜರು ತೆಗೆದುಕೊಂಡು ಕನ್ನಡಿಗೆ ಹತ್ತಿರ ಸರಿದರು. ಎಡಗೈ ಆ ಕೆಲಸ ಎಂದೂ ಮಾಡಿದ್ದಿಲ್ಲ. ಮೆಲ್ಲಗೆ, ಪರೀಕ್ಷೆಯಲ್ಲಿ ಅಕ್ಷರ ಬರೆಯುವ ಹುಡುಗನಂತೆ ನಾಲಿಗೆ ಕಚ್ಚಿಕೊಂಡು ಎಳೆದರು. ಗದ್ದದ ಮೇಲೆ ಒಂದು ಕಡೆ, ಕಿವಿಯ ಕೆಳಗೆ ಇನ್ನೊಂದು ಕಡೆ ರಕ್ತ ಬಂತು. ಪೇಪರಿನ ಚೂರು ಹರಿದು ಎರಡಕ್ಕೂ ಅಂಟಿಸಿಕೊಂಡರು.

"ಹಿಂಗ ಹೋಗ್ತೀರೇನು ಸಾಲಿಗೆ?" ಎಂದಳು ಅವ್ವ ಹೊರಗೆ ಬಂದು. "ಹುಡುಗ್ರು ನಗ್ತಾವ."

"ನಗ್ಲಿ ಬಿಡು. ಸಾಲಿ ಮೊದಲನೇ ದಿನ ಅಳೂದಕ್ಕಿಂತ ಚೊಲೋ."

ಅವರು ಹೋದ ಮೇಲೆ ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಶಾಲೆಯ ಗಂಟೆ ಬಾರಿಸಿತು. ಹೆಡ್‌ಮಾಸ್ತರರು ಇನ್ನೂ ಮೂಲೆಯ ಚಹಾದಂಗಡಿಯ ಮುಂದೆಯೇ ನಿಂತು, ನಾಲ್ಕೈದು ಜನಕ್ಕೆ ಗಲ್ಲದ ಎರಡೂ ಪಕ್ಕ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು.